ಕೆರೆಯ ನೀರು ಬಾಗಿದ್ದೇಕೆ?

ಪ್ರಶ್ನೆ: ಕುಣಿಗಲ್ ದೊಡ್ಡಕೆರೆಯ ಫೋಟೊದಲ್ಲಿ ದೂರದ ನೀರಿನಂಚು ಬಿಲ್ಲಿನಂತೆ ಬಾಗಿದೆ. ಗುಬ್ಬಿ ಚನ್ನಬಸವೇಶ್ವರ ದೇವಸ್ಥಾನದ ಗೋಪುರ ಹಿಂದಕ್ಕೆ ವಾಲಿದೆ. ಲೆನ್ಸ್ ಕೆಟ್ಟಿದೆಯೇ?
– ಓದುಗರು, ತುಮಕೂರು

ಉತ್ತರ: ಕೆಟ್ಟಿಲ್ಲ. ಇವು ಎರಡು ಬೇರೆ ಸಂಗತಿ. ಬಾಗುವುದು ಲೆನ್ಸಿನ ಗುಣ. ವೈಡ್ ಲೆನ್ಸ್ ಚಿತ್ರದ ನಡುಭಾಗಕ್ಕಿಂತ ಅಂಚನ್ನು ತುಸು ಕಿರಿದಾಗಿಸುತ್ತದೆ. ಹಾಗಾಗಿ ಚೌಕಟ್ಟಿನ ಮೇಲಂಚಿನ ನೇರ ಗೆರೆ ಪೀಪಾಯಿಯ ಹೊಟ್ಟೆಯಂತೆ ಉಬ್ಬುತ್ತದೆ. ಅದೇ ನೀರಿನಂಚನ್ನು ನಟ್ಟನಡುವೆ ಇಟ್ಟು ತೆಗೆದು ನೋಡಿ, ನೇರವಾಗಿಬಿಡುತ್ತದೆ! ಈಗಾಗಲೇ ತೆಗೆದಿದ್ದರೆ ಫೋಟೊ ತಿದ್ದುವ ತಂತ್ರಾಂಶಗಳಾದ ಲೈಟ್‌ರೂಮ್ ಅಥವಾ ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್‌ನಲ್ಲಿ ನಿಮ್ಮ ಲೆನ್ಸಿನ ಪ್ರೊಫೈಲ್ ಆರಿಸಿ. ತಿದ್ದುವಾಗ ಅಂಚು ಸ್ವಲ್ಪ ಕತ್ತರಿಸಿಹೋಗುತ್ತದೆ. ಸುತ್ತ ಜಾಗ ಬಿಟ್ಟೇ ಕ್ಲಿಕ್ಕಿಸಿ.

ಗೋಪುರ ವಾಲಿದ್ದು ಕ್ಯಾಮೆರಾವನ್ನು ಮೇಲೆತ್ತಿ ಹಿಡಿದದ್ದರಿಂದ. ಎಷ್ಟು ದುಬಾರಿ ಲೆನ್ಸಾದರೂ ಹೀಗೇ. ಸಾಕಷ್ಟು ಹಿಂದೆ ಸರಿದು, ಕ್ಯಾಮೆರಾ ಮಟ್ಟವಾಗಿ ಹಿಡಿಯಿರಿ.