ರಿವರ್ಸ್ ಗೇರಿನ ಮುಂದೆ ಬಾಡುವ ಮುಖ

ಮನೆಯ ಮಗ ಹೆವಿ ಲೈಸೆನ್ಸ್ ಮಾಡಿಸಿಕೊಳ್ಳಲೆಂದು ತರಬೇತಿಗೆ ಸೇರಿದ್ದಾನೆ. ಮೊದಲ ವಾರ ಬೆಳಗ್ಗೆ ಎಬ್ಬಿಸುವ ಮೊದಲೇ ಎದ್ದು ಹೊರಡುತ್ತಾನೆ. ಎರಡನೆಯ ವಾರಕ್ಕೆ ಮುಖ ಬಾಡಿರುತ್ತದೆ. ಊಟಕ್ಕೆ ಕುಳಿತರೆ ಮಾತಿಲ್ಲ. “ಏನಾಯ್ತು ಮೋನೆ?” ಎಂದು ಕೇಳಿದರೆ, “ಏನಿಲ್ಲ ಉಮ್ಮಾ” ಎಂಬ ಉತ್ತರ. ಸಹೋದರಿಯರೇ, ನಿಮ್ಮ ಮನೆಯಲ್ಲೂ ಹೀಗೆ ಆಗಿದ್ದರೆ ಕಾರಣ ಬಹುಶಃ ಒಂದೇ. ಅವನಿಗೆ ಲಾರಿಯನ್ನು ಹಿಂದಕ್ಕೆ ತೆಗೆಯಲು ಬರುತ್ತಿಲ್ಲ.

ಮುಂದಕ್ಕೆ ಓಡಿಸುವುದು ಅವನಿಗೆ ಹೊಸತಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಲಾರಿ ಓಡಿಸುವವನಿಗೆ 20 ವರ್ಷ ತುಂಬಿರಬೇಕು. ಲಘು ವಾಹನದ ಲೈಸೆನ್ಸ್ ಪಡೆದು ಕನಿಷ್ಠ 1 ವರ್ಷವಾದರೂ ಆಗಿರಬೇಕು. 8ನೇ ತರಗತಿ ಪಾಸಾಗಿರಬೇಕೆಂಬ ಷರತ್ತು 2019ರಲ್ಲಿ ರದ್ದಾದ್ದರಿಂದ ಅರ್ಧದಲ್ಲೇ ಶಾಲೆ ಬಿಟ್ಟ ಹುಡುಗರಿಗೂ ಈ ದಾರಿ ತೆರೆದಿದೆ. ಅಂದರೆ ತರಬೇತಿಗೆ ಬರುವವನು ಕಾರನ್ನೋ ಪಿಕಪ್ಪನ್ನೋ ಓಡಿಸಿ ಪಳಗಿದವನೇ. ಅವನಿಗೆ ತೊಡಕಾಗುವುದೂ ಆ ಪಳಗಿದ ಕೈಯೇ!

ಕಾರಿನಲ್ಲಾಗಲಿ ಸಾಮಾನ್ಯ ಲಾರಿಯಲ್ಲಾಗಲಿ ರಿವರ್ಸ್ ಹಾಕಿ ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದರೆ ಹಿಂಭಾಗ ಬಲಕ್ಕೇ ಹೋಗುತ್ತದೆ. ಪಣಂಬೂರು ಬಂದರಿನ ಕಡೆ ಸಾಲುಗಟ್ಟಿ ನಿಲ್ಲುವ ಟ್ರೈಲರುಗಳನ್ನು ನೋಡಿದ್ದೀರಲ್ಲ? ಅಲ್ಲಿ ಎಲ್ಲವೂ ತಿರುಗುಮುರುಗು. ಹಿಂದಿನ ಟ್ರೈಲರ್ ಬಲಕ್ಕೆ ಹೋಗಬೇಕಾದರೆ ಸ್ಟಿಯರಿಂಗನ್ನು ಮೊದಲು ಎಡಕ್ಕೆ ತಿರುಗಿಸಬೇಕು. ಟ್ರೈಲರ್ ತಿರುಗತೊಡಗಿದೊಡನೆ ಸ್ಟಿಯರಿಂಗನ್ನು ಮರಳಿಸಿ ಅದರ ಬೆನ್ನು ಹಿಡಿಯಬೇಕು. ತಡವಾದರೆ ಮುಂಭಾಗವೂ ಹಿಂಭಾಗವೂ ಮಡಚುವ ಚಾಕುವಿನಂತೆ ಮಡಚಿಕೊಂಡು ನಿಲ್ಲುತ್ತವೆ.

ಇದು ಎಂಥ ಕಷ್ಟವೆಂದು ತಿಳಿಯಬೇಕೆ? ಅಂಗೈಯ ಮೇಲೆ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ ನೋಡಿ. ಕೋಲಿನ ತುದಿ ಬಲಕ್ಕೆ ವಾಲಬೇಕಾದರೆ ಕೈಯನ್ನು ಮೊದಲು ಎಡಕ್ಕೆ ಸರಿಸಬೇಕಾಗುತ್ತದೆ. ಉದ್ದದ ಕೋಲು ನಿಧಾನವಾಗಿ ವಾಲುತ್ತದೆ, ನಮಗೆ ಸಾವರಿಸಿಕೊಳ್ಳಲು ಸಮಯ ಸಿಗುತ್ತದೆ. ಪೆನ್ಸಿಲನ್ನು ನಿಲ್ಲಿಸಹೊರಟರೆ ಕಣ್ಣು ಮಿಟುಕಿಸುವುದರೊಳಗೆ ಬಿತ್ತು! ಟ್ರೈಲರಿನದೂ ಇದೇ ಸ್ವಭಾವ. 40 ಅಡಿ ಕಂಟೇನರಿನ ಉದ್ದದ ಟ್ರೈಲರ್ ಸಾವಕಾಶವಾಗಿ ತಿರುಗುತ್ತದೆ. ಗಿಡ್ಡ ಟ್ರೈಲರ್ ಥಟ್ಟನೆ ಮಡಚಿಕೊಳ್ಳುತ್ತದೆ. ಚಿಕ್ಕದು ಸುಲಭವೆಂದು ನಾವು ಭಾವಿಸುತ್ತೇವೆ, ಆದರೆ ಹಾಗಲ್ಲ.

ಅನುಭವಿಗಳು ಹೇಳಿಕೊಡುವ ಒಂದು ಉಪಾಯವಿದೆ. ಸ್ಟಿಯರಿಂಗನ್ನು ಮೇಲ್ಗಡೆ ಹಿಡಿಯದೆ ಅದರ ತಳಭಾಗವನ್ನು ಹಿಡಿಯಬೇಕು. ಆಗ ಕೈ ಯಾವ ಕಡೆ ಸರಿಯುತ್ತದೆಯೋ ಟ್ರೈಲರಿನ ಹಿಂಭಾಗವೂ ಆ ಕಡೆಗೇ ಹೋಗುತ್ತದೆ. ಎಡಬಲಗಳ ಲೆಕ್ಕ ತಲೆಯಿಂದ ಇಳಿಯುತ್ತದೆ. ಇದರಲ್ಲಿ ತೋಳ್ಬಲಕ್ಕೆ ಕೆಲಸವಿಲ್ಲ. ಪತಿಯ ಮರಣಾನಂತರ ಮಕ್ಕಳನ್ನು ಸಾಕಲು ಲಾರಿ ಹತ್ತಿದ ಭೋಪಾಲದ ಯೋಗಿತಾ ರಘುವಂಶಿಯವರು ಕಾನೂನು ಪದವೀಧರೆ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬಹುದು.

ಹಿಂದೆ ಈ ವಿದ್ಯೆಯನ್ನು ಕಲಿಯುತ್ತಿದ್ದವರು ಕ್ಲೀನರ್ ಹುಡುಗರು. ವರ್ಷಗಟ್ಟಲೆ ಲಾರಿಯ ಹಿಂದೆ ನಿಂತು, ಬಾಡಿಗೆ ಕೈ ಬಡಿಯುತ್ತಾ “ಬರ್ಲಿ, ಬರ್ಲಿ... ಹೋಲ್ಡ್!” ಎಂದು ಕೂಗಿ ಕೂಗಿ, ಯಾವ ಚಕ್ರ ಎಲ್ಲಿ ಹೊರಳುತ್ತದೆಂಬುದು ಸೀಟಿನಲ್ಲಿ ಕೂರುವ ಮೊದಲೇ ಕಣ್ಣಿಗೆ ಹತ್ತಿರುತ್ತಿತ್ತು. ಈಗ ಖರ್ಚಿನ ಭಯದಿಂದ ಎಷ್ಟೋ ಲಾರಿಗಳು ಕ್ಲೀನರ್ ಇಲ್ಲದೆಯೇ ಹೊರಡುತ್ತವೆ. ಡ್ರೈವಿಂಗ್ ಶಾಲೆಗಳಿಗಿರುವ ನಿಯಮದಂತೆ ಸಾರಿಗೆ ವಾಹನದ ತರಬೇತಿ ಕನಿಷ್ಠ 30 ದಿನಗಳದು, ವಾಹನ ಚಲಾಯಿಸುವ ಅವಧಿ ಕನಿಷ್ಠ 15 ಗಂಟೆ. ಅದರಲ್ಲಿ ರಿವರ್ಸಿಗೆ ಸಿಗುವುದೆಷ್ಟು? ಪರೀಕ್ಷೆಯಲ್ಲಂತೂ ಇಕ್ಕಟ್ಟಾದ ಜಾಗಕ್ಕೆ ಹಿಮ್ಮುಖವಾಗಿ ವಾಹನ ಸೇರಿಸಿ ತೋರಿಸಲೇಬೇಕು.

ಮದ್ರಸದಲ್ಲಿ ಬಲದಿಂದ ಎಡಕ್ಕೆ, ಶಾಲೆಯಲ್ಲಿ ಎಡದಿಂದ ಬಲಕ್ಕೆ ಬರೆಯುವ ನಮ್ಮ ಪುಟ್ಟ ಮಕ್ಕಳು ಆರಂಭದಲ್ಲಿ ತಡವರಿಸುತ್ತಾರೆ. ಅವರನ್ನು ಯಾರೂ ದಡ್ಡರೆನ್ನುವುದಿಲ್ಲ. ಇಪ್ಪತ್ತು ದಾಟಿದ ಹುಡುಗ ತಡವರಿಸಿದರೆ ಮಾತ್ರ ಮೈದಾನದ ಸುತ್ತ ನಿಂತವರು ನಗುತ್ತಾರೆ, ಕಲಿಸುವವನು ಗದರುತ್ತಾನೆ. ಮನೆಗೆ ಬಂದರೆ “ನಿನ್ನ ಮಾವ ದಮ್ಮಾಮಿನಲ್ಲಿ ಟ್ರೈಲರನ್ನೇ ಓಡಿಸುತ್ತಾರೆ, ನಿನಗೇನು ಧಾಡಿ?” ಎಂಬ ಮಾತು. ಅದೇ ಮಾವ ಸೌದಿಗೆ ಹೋದ ಹೊಸತರಲ್ಲಿ ರಿವರ್ಸನ್ನು ಮತ್ತೊಮ್ಮೆ ಕಲಿತಿರುತ್ತಾರೆ. ಅಲ್ಲಿ ಸ್ಟಿಯರಿಂಗ್ ಎಡಬದಿಗೆ. ಆದ್ದರಿಂದ ಇಲ್ಲಿ ಸರಿಯಾಗಿ ಕಾಣದ ಎಡಮಗ್ಗುಲು ಅಲ್ಲಿ ಕಾಣುತ್ತದೆ, ಇಲ್ಲಿ ಕಾಣುವ ಬಲಮಗ್ಗುಲು ಅಲ್ಲಿ ಮರೆಯಾಗುತ್ತದೆ.

ಈ ಅವಮಾನದಿಂದ ಮನಸ್ಸು ನೋಯುತ್ತದೆ, ನಿಜ. ಆದರೆ ಅದಕ್ಕಿಂತ ಹೆಚ್ಚು ಹೆದರಬೇಕಾದ ವಿಷಯ ಇನ್ನೊಂದಿದೆ. ಲಾರಿಯ ನೇರ ಹಿಂಭಾಗ ಪಕ್ಕದ ಕನ್ನಡಿಗಳಲ್ಲಿ ಕಾಣುವುದಿಲ್ಲ. ಅನುಮಾನ ಬಂದಾಗ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೆಳಗಿಳಿದು, ಹಿಂದೆ ಹೋಗಿ ನೋಡಿ ಬರಬೇಕು. ಓರೆಯಾದರೆ ಸ್ವಲ್ಪ ಮುಂದೆ ತಂದು ನೇರ ಮಾಡಿಕೊಳ್ಳಬೇಕು. ನಗೆಗೆ ಅಂಜಿದ ಹುಡುಗ ಇಳಿಯುವುದಿಲ್ಲ. “ಎಷ್ಟು ಸಲ ಇಳೀತೀಯಾ?” ಎಂದು ಯಾರಾದರೂ ಕೇಳಿಬಿಟ್ಟರೆ ಎಂಬ ಭಯ. ಹಿಂದೆ ಚೆಂಡು ಹೆಕ್ಕಲು ಬಂದ ಮಗು ಇದ್ದರೆ? ಹಾಗಾಗಿ ಸಂಜೆ ಬಂದ ಮಗನೊಡನೆ “ಇವತ್ತು ಸರಿಯಾಯ್ತಾ?” ಎಂದು ಕೇಳುವ ಬದಲು “ಇವತ್ತು ಎಷ್ಟು ಸಲ ಇಳಿದು ನೋಡಿದೆ?” ಎಂದು ಕೇಳಿ. ಹೆಚ್ಚು ಸಲ ಎಂದರೆ ಸಂತೋಷಪಡಿ.

ಅಂದ ಹಾಗೆ, ಮರಳು, ಜಲ್ಲಿ ತಂದ ಲಾರಿ ನಿಮ್ಮ ಅಂಗಳಕ್ಕೆ ರಿವರ್ಸ್ ಬರುವಾಗ ಮೊದಲು ಮಕ್ಕಳನ್ನು ಒಳಗೆ ಕರೆದುಕೊಳ್ಳಿ. ದಾರಿ ತೋರಿಸಲು ನಿಲ್ಲುವವರು ಲಾರಿಯ ಬೆನ್ನ ಹಿಂದೆ ನಿಲ್ಲಬಾರದು, ಡ್ರೈವರನ ಬದಿಗೆ ಸರಿದು ನಿಲ್ಲಬೇಕು. ಕನ್ನಡಿಯಲ್ಲಿ ಡ್ರೈವರನ ಮುಖ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲ.

ಮನೆಯಲ್ಲಿ ಮಕ್ಕಳ ಆಟಿಕೆಯ ಟ್ರೈಲರ್ ಲಾರಿ ಇದ್ದರೆ ಅದನ್ನು ಹೊರತೆಗೆಯಿರಿ. ನೆಲದ ಮೇಲೆ ಎರಡು ಚಪ್ಪಲಿಗಳನ್ನಿಟ್ಟು ಅವುಗಳ ನಡುವೆ ಹಿಂದಕ್ಕೆ ತಳ್ಳಿ ಸೇರಿಸಲು ಮಗನಿಗೆ ಹೇಳಿ. ಅವನ ನಂತರ ನೀವೂ ಒಮ್ಮೆ ತಳ್ಳಿ ನೋಡಿ.