ಒಂದು ಎಲೆ ಕಡಿಮೆ ಇರುವಾಗ

ಪೋಕರ್ ಆಟದ ಬಗ್ಗೆ ಬರೆಯಿರೆಂದು ನಮ್ಮ ಕೆಲವು ತರುಣ ವಾಚಕರು ಕೇಳಿದ್ದಾರೆ. ರಮ್ಮಿ ನಮ್ಮ ಮಂದಿಗೆ ಗೊತ್ತು, ಮೂರೆಲೆಯ ಆಟವೂ ಗೊತ್ತು. ಪುಣೆಯ ಚಾಳುಗಳಲ್ಲಿ ಪಗಾರದ ರಾತ್ರಿ ಇವೆರಡೂ ನಡೆಯುವುದನ್ನು ನಾವು ಕಂಡವರೇ. ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1967ರಲ್ಲಿ, ರಮ್ಮಿಗೆ ಬಿದ್ದ ಎಲೆಗಳನ್ನು ನೆನಪಿಡುವ ಕೌಶಲ್ಯ ಬೇಕು, ಅದು ಮೂರೆಲೆಯಂತೆ ಬರೀ ಅದೃಷ್ಟದ ಆಟವಲ್ಲ ಎಂದಿತು. ಪೋಕರ್ ಇವೆರಡರ ನಡುವಿನದೆಂದು ನಮ್ಮ ಅಭಿಪ್ರಾಯ. ಎಲೆ ಬರುವುದು ಅದೃಷ್ಟದಿಂದ; ಪಣ ಹಾಕುವುದು, ಬಿಡುವುದು ಲೆಕ್ಕದಿಂದ.

ಆ ಲೆಕ್ಕ ತಪ್ಪುವುದು ಹೆಚ್ಚಾಗಿ ಒಂದೇ ಸಂದರ್ಭದಲ್ಲಿ. ಕೈಯಲ್ಲಿ ಒಂದೇ ಜಾತಿಯ ನಾಲ್ಕು ಎಲೆಗಳಿವೆ, ಐದನೆಯದು ಬರಬೇಕು. ಎದುರಿಗೆ ಕುಳಿತವನೋ ಪ್ರತಿ ಸಲವೂ ಅಬ್ಬರದಿಂದ ಪಣ ಏರಿಸುವವನು. ನಮ್ಮ ಖೋಲಿಯ ಗೆಳೆಯರೊಬ್ಬರು ಇಂಥ ಒಂದೆಲೆಯ ಬೆನ್ನು ಹತ್ತಿ, ಊರಿಗೆ ಕಳಿಸಬೇಕಾಗಿದ್ದ ಎರಡು ತಿಂಗಳ ಹಣವನ್ನು ಕಳೆದುಕೊಂಡರು. ಅಂದಿನಿಂದ ನಮ್ಮಲ್ಲಿ ಹುಣಸೇಬೀಜವೇ ನಾಣ್ಯ. ಈ ಲೆಕ್ಕವೂ ಬೀಜದ್ದೇ.

ಐದೆಲೆಯ ಪೋಕರಿನಲ್ಲಿ ಒಮ್ಮೆ ಎಲೆ ಬದಲಿಸಬಹುದು; ಅದಕ್ಕೆ ಮುಂಚೆ ಒಂದು ಸುತ್ತು ಪಣ, ಆಮೇಲೆ ಒಂದು ಸುತ್ತು. ನಿಮಗೆ ನಾಲ್ಕು ಆಟೀನು (ಇಲ್ಲಿಯವರ ಬದಾಮ) ಬಂದಿವೆ ಎನ್ನೋಣ. 52 ಎಲೆಗಳಲ್ಲಿ ನೀವು ಕಂಡದ್ದು 5, ಕಾಣದವು 47. ಅವುಗಳಲ್ಲಿ ಆಟೀನು 9. ಅಂದರೆ ಸುಮಾರು ಐದು ಸಲಕ್ಕೊಮ್ಮೆ ಕೈ ಕೂಡುತ್ತದೆ. ನೀವು ಹಾಕುವ ಒಂದು ಬೀಜಕ್ಕೆ ರಾಶಿಯಲ್ಲಿ ನಾಲ್ಕಕ್ಕಿಂತ ತುಸು ಹೆಚ್ಚು ಇದ್ದರೆ ಮಾತ್ರ ಆ ಎಲೆ ಕೇಳುವುದರಲ್ಲಿ ನಷ್ಟವಿಲ್ಲ.

ಅಬ್ಬರದವನು ಇಷ್ಟು ಅಗ್ಗಕ್ಕೆ ಬಿಡುವುದಿಲ್ಲ. ರಾಶಿಯಲ್ಲಿ 6 ಇದ್ದರೆ ತಾನು ಇನ್ನೂ 6 ಸುರಿಯುತ್ತಾನೆ. ಈಗ 12 ಬೀಜಕ್ಕಾಗಿ ನೀವು 6 ಹಾಕಬೇಕು. ಒಂದಕ್ಕೆ ಎರಡೇ ಆಯಿತು. ಲೆಕ್ಕ ಸರಿಹೋಗಬೇಕಾದರೆ ಕೈ ಕೂಡಿದ ಮೇಲೆ ಅವನಿಂದ ಸರಾಸರಿ 14 ಬೀಜವಾದರೂ ಬರಬೇಕು. ಕೂಡಿದ ಕೈಯೂ ಒಮ್ಮೊಮ್ಮೆ ಸೋಲುವುದುಂಟು, ಆದ್ದರಿಂದ ಇನ್ನೂ ಒಂದೆರಡು ಹೆಚ್ಚೇ ಎನ್ನಿ. ಅಂಜುಬುರುಕನಿಂದ ಅಷ್ಟು ಬರುವುದಿಲ್ಲ. ಇವನು ತಾನಾಗಿಯೇ ತಂದು ಹಾಕುತ್ತಾನೆ. ಅವನ ಅಬ್ಬರದಿಂದ ನಿಮಗಾಗುವ ಉಪಯೋಗ ಇದೊಂದೇ. ಆದರೆ ಮೊದಲು ಅವನ ಮುಂದೆ ಎಷ್ಟು ಉಳಿದಿದೆ ನೋಡಿ. ಐದೇ ಬೀಜ ಉಳಿದಿದ್ದರೆ 14 ಎಲ್ಲಿಂದ ಬಂದೀತು? ಎಲೆ ಕೆಳಗಿಡಿ.

ಕೈ ಕೂಡುವ ಮೊದಲೇ ಪಣ ಏರಿಸಿ ಎದುರಾಳಿಯನ್ನು ಓಡಿಸುವ ಉಪಾಯವೊಂದುಂಟು. ಅದು ಅಂಜುವವನಿಗೆ ಸರಿ. ಅಬ್ಬರದವನು ಓಡುವುದಿಲ್ಲ, ಇನ್ನಷ್ಟು ಏರಿಸುತ್ತಾನೆ. ಆ ಒಂದೆಲೆ ಇನ್ನೂ ತುಟ್ಟಿಯಾಗುತ್ತದೆ. ಎಲೆ ಬಂದಾಗಲೂ ಅವಸರ ಬೇಡ. ನಿಮ್ಮ ಸರದಿ ಮೊದಲಿದ್ದರೆ ಸುಮ್ಮನೆ ಬಿಟ್ಟುಕೊಡಿ. ಅವನು ಹಾಕಿದ ಮೇಲೆ ಏರಿಸಿ. ಬರದಿದ್ದರೆ ಬಿಟ್ಟುಬಿಡಿ. ಹೋದ 6ರ ಮಮತೆಯಿಂದ ಮತ್ತೆ 6 ಹಾಕುವುದನ್ನೇ ನಮ್ಮ ಗೆಳೆಯರು ಮಾಡುತ್ತಿದ್ದದ್ದು.

5, 6, 7, 8ರಂತೆ ಓಳಿಯಾಗಿ ಬಂದ ನಾಲ್ಕೆಲೆಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಎರಡೂ ತುದಿ ತೆರೆದಿರುವುದರಿಂದ 8 ಎಲೆ ನಡೆಯುತ್ತವೆ. 5, 6, 8, 9 ಇದ್ದು ನಡುವಿನ 7 ಒಂದೇ ಬೇಕಾದರೆ ಉಳಿದವು ನಾಲ್ಕೇ. ಆಗ ಅದೇ 6 ಬೀಜಕ್ಕೆ ಮುಂದೆ 53 ಬರಬೇಕಾಗುತ್ತದೆ. ನಾವು ಒಬ್ಬೊಬ್ಬರಿಗೆ ಎಣಿಸಿ ಕೊಡುವುದೇ 40.