ಭತ್ತದ ಎಲೆಯನ್ನು ಭೇದಿಸುವ ಒತ್ತಡ

ಭತ್ತದ ಬೆಂಕಿ ರೋಗಕ್ಕೆ ಕಾರಣವಾದ ಮ್ಯಾಗ್ನಪೋರ್ಥೆ ಒರೈಜೆ ಎಂಬ ಶಿಲೀಂಧ್ರವು ಮೂರೇ ಜೀವಕೋಶಗಳ ಬೀಜಾಣುವಾಗಿ ಎಲೆಯ ಮೇಲೆ ಬಂದು ಬೀಳುತ್ತದೆ. ಮೇಣ ಹೊದ್ದ ಆ ನುಣುಪು ಮೇಲ್ಮೈಯಲ್ಲಿ ಅದಕ್ಕೆ ಆಹಾರವೆಂಬುದೇ ಇಲ್ಲ; ಅಂಥ ಬರಗಾಲದಲ್ಲಿ ಬೇರೆ ಎಷ್ಟೋ ಶಿಲೀಂಧ್ರಗಳು ಸುಮ್ಮನೆ ಕಾದು ಕುಳಿತರೆ, ಇದು ಆ ಹಸಿವನ್ನೇ ದಾಳಿಯ ಸೂಚನೆಯಾಗಿ ಗ್ರಹಿಸುತ್ತದೆ.

ಇಬ್ಬನಿಯ ತೇವ ಸಿಕ್ಕೊಡನೆ ಬೀಜಾಣುವಿನಿಂದ ಸಣ್ಣ ನಳಿಕೆಯೊಂದು ಚಾಚಿ, ಅದರ ತುದಿ ಕೆಲವೇ ಗಂಟೆಗಳಲ್ಲಿ ಗುಮ್ಮಟದಂತೆ ಉಬ್ಬಿಕೊಳ್ಳುತ್ತದೆ. ಅಪ್ರೆಸೋರಿಯಂ ಎಂದು ಕರೆಯಲಾಗುವ ಈ ಅಂಗಕ್ಕೆ ತನ್ನೆಲ್ಲ ಸಂಗ್ರಹವನ್ನು ಒಪ್ಪಿಸುವ ಬೀಜಾಣು ತನ್ನನ್ನು ತಾನೇ ಜೀರ್ಣಿಸಿಕೊಂಡು ಸಾಯುತ್ತದೆ; ಈ ಆತ್ಮಭಕ್ಷಣೆಯನ್ನು ತಡೆದರೆ ರೋಗವೇ ಉಂಟಾಗುವುದಿಲ್ಲ. ಗುಮ್ಮಟದೊಳಗೆ ಗ್ಲಿಸರಾಲ್ ಶೇಖರವಾಗುತ್ತ ಹೋದಂತೆ ಹೊರಗಿನ ನೀರು ಒಳಕ್ಕೆ ನುಗ್ಗುತ್ತದೆ, ಆದರೆ ಗೋಡೆಯಲ್ಲಿರುವ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯದ ಪದರವು ಗ್ಲಿಸರಾಲನ್ನು ಹೊರಹೋಗಗೊಡದ ಕಾರಣ ಒಳಗಿನ ಒತ್ತಡ 8 ಮೆಗಾಪಾಸ್ಕಲ್‌ವರೆಗೆ, ಅಂದರೆ ಕಾರಿನ ಚಕ್ರದಲ್ಲಿರುವ ಒತ್ತಡದ ಸುಮಾರು 40 ಪಟ್ಟು ಏರುತ್ತದೆ. ಸಾಮಾನ್ಯ ಜೀವಕೋಶವನ್ನು ಸಿಡಿಸಿಬಿಡಬಹುದಾದ ಈ ಒತ್ತಡವನ್ನು ತಾಳಿಕೊಳ್ಳುವುದಷ್ಟೇ ಅಲ್ಲದೆ, ಗುಮ್ಮಟದ ತಳದಿಂದ ಸೂಜಿಯಂಥ ಮೊನೆಯನ್ನು ಎಲೆಯೊಳಕ್ಕೆ ಚುಚ್ಚಲು ಅದನ್ನೇ ಬಳಸಿಕೊಳ್ಳುವ ಸಾಮರ್ಥ್ಯ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. ಮೆಲನಿನ್ ತಯಾರಿಸಲಾರದ ರೂಪಾಂತರಿ ತಳಿಗಳು ಗೀರುಬಿದ್ದ ಎಲೆಯಲ್ಲಿ ರೋಗ ತರಬಲ್ಲವಾದರೂ ಗಾಯವಿಲ್ಲದ ಎಲೆಯನ್ನು ಹೊಗಲಾರವು ಎಂಬುದು ಈ ಪದರದ ಮಹತ್ವಕ್ಕೆ ಸ್ಪಷ್ಟ ಸಾಕ್ಷಿ.

ಒಳಹೊಕ್ಕ ಮೇಲೆ ಪರೀಕ್ಷೆ ಬೇರೆ ಬಗೆಯದು. ಗಿಡವು ಹೈಡ್ರೋಜನ್ ಪೆರಾಕ್ಸೈಡ್‌ನಂಥ ಸುಡುವ ರಾಸಾಯನಿಕಗಳನ್ನು ಹೊಮ್ಮಿಸಿದರೆ, ಶಿಲೀಂಧ್ರವು ಅವನ್ನು ನಿರ್ವಿಷಗೊಳಿಸುವ ಕಿಣ್ವಗಳನ್ನು ತಯಾರಿಸುತ್ತದೆ. ಗಿಡಕ್ಕೆ ಗುರುತು ಸಿಗಬಹುದಾದ ತನ್ನ ಗೋಡೆಯ ಕೈಟಿನ್ ಚೂರುಗಳನ್ನು ಎಸ್‌ಎಲ್‌ಪಿ1 ಎಂಬ ಪ್ರೋಟೀನಿನಿಂದ ಹಿಡಿದಿಟ್ಟುಕೊಳ್ಳುತ್ತದೆ. ನಾಲ್ಕೈದು ದಿನಗಳಲ್ಲಿ ಎಲೆಯ ಮೇಲೆ ಬೂದು ನಡುವಿನ, ಕಂದು ಅಂಚಿನ ವಜ್ರಾಕಾರದ ಚುಕ್ಕೆಗಳು ಕಾಣಿಸಿಕೊಂಡು, ಅವುಗಳಿಂದ ಹೊಸ ಬೀಜಾಣುಗಳು ಗಾಳಿಗೆ ಸೇರುತ್ತವೆ.

ಟ್ರೈಸೈಕ್ಲಜೋಲ್ ಎಂಬ ಔಷಧಿಯು ಮೆಲನಿನ್ ತಯಾರಿಕೆಯನ್ನು ತಡೆಯುತ್ತದೆಯೇ ಹೊರತು ಶಿಲೀಂಧ್ರವನ್ನು ನೇರವಾಗಿ ಕೊಲ್ಲುವುದಿಲ್ಲವಾದ್ದರಿಂದ, ಎಲೆಯೊಳಗೆ ಆಗಲೇ ಬೇರೂರಿದ ಸೋಂಕನ್ನು ಅದು ವಾಸಿಮಾಡಲಾರದು. ಅತಿಯಾಗಿ ಯೂರಿಯಾ ಉಂಡ ಪೈರಿನಲ್ಲಿ ಈ ರೋಗ ಇನ್ನಷ್ಟು ಉಲ್ಬಣಿಸುವುದರಿಂದ, ಸಿಂಪಡಣೆಗೆ ಮೊದಲೇ ಗೊಬ್ಬರದ ಪ್ರಮಾಣದ ಕಡೆ ರೈತರು ಗಮನ ಕೊಡುವುದು ಅಗತ್ಯ.